ವಿಶ್ವಾಸಕ್ಕೆ ಸಾಕ್ಷಿ

ದೇವರಲ್ಲಿ ವಿಶ್ವಾಸವುಳ್ಳವರೆಂದು ನಮ್ಮನ್ನು ನಾವು ಕರೆದುಕೊಳ್ಳುವುದು ಸುಲಭ. ಆ ವಿಶ್ವಾಸವು ನಿಜವೆಂಬುದಕ್ಕೆ ಪ್ರಮಾಣವೇನು? ಅಮ್ಮಸಂದ್ರ, ತಿಪಟೂರುಗಳ ತೆಂಗಿನ ಸೀಮೆಯ ರೈತನು ಬಲಿತ ಕಾಯಿಗಳನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲಿಡುತ್ತಾನೆ. ಒಳಗಣ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟಿದೆಯೋ ಇಲ್ಲವೋ ಹೊರನೋಟಕ್ಕೆ ತಿಳಿಯದು. ಅಲುಗಿಸಿದರೆ ಗಿಟುಕಿನ ಸದ್ದು ತಿಳಿಸುತ್ತದೆ. ಮನುಷ್ಯನನ್ನು ಹಾಗೆ ಅಲುಗಿಸಿ ನೋಡುವ ಕೈಯೇ ದೇವರ ಆಜ್ಞೆ.

ವಿಶ್ವಾಸದಿಂದಲೇ ಮನುಷ್ಯನು ನೀತಿವಂತನೆನಿಸುವನೆಂದು ಪೌಲನ ಮತ. ಕ್ರಿಯೆಯಿಲ್ಲದ ವಿಶ್ವಾಸವು ನಿರ್ಜೀವವೆಂದು ಯಾಕೋಬನ ಮತ. ಈ ವಿರೋಧವು ಬರಿಯ ತೋರಿಕೆಯದು. ಅಲುಗಿಸುವುದರಿಂದ ಕಾಯಿ ಕೊಬ್ಬರಿಯಾಗುವುದಿಲ್ಲ. ಆಗಿರುವುದು ತಿಳಿಯುತ್ತದೆ, ಅಷ್ಟೆ. ವಿಧೇಯತೆಯು ಕೃಪೆಗೆ ತೆರುವ ಬೆಲೆಯಲ್ಲ, ಕೃಪೆಯನ್ನು ಪಡೆದುದರ ಗುರುತು.

1844ರಲ್ಲಿ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದರು. ಬಾಸೆಲ್ ಮಿಷನ್ನು ತನ್ನ ಸಭೆಯೊಳಗೆ ಜಾತಿಭೇದಕ್ಕೆ ಎಡೆಗೊಡಲಿಲ್ಲ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ ಅವರಿಗೆ ಬಾಯಿಮಾತಾಗಿ ಉಳಿಯಲಿಲ್ಲ. ಹುಟ್ಟಿದ ಕುಲದ ಹಿರಿಮೆಯನ್ನು ತೊರೆದು, ಬಿಲ್ಲವರೇ ಮೊದಲಾದವರೊಡನೆ ಒಂದೇ ಸಭೆಯವರಾಗುವುದೇ ಅದರ ಅರ್ಥವಾಯಿತು. ಬಾಸೆಲ್ ನಗರದಲ್ಲಿ ವ್ಯಾಸಂಗ ಮುಗಿಸಿ, ಅವರು ಬೋಧಕರಾಗಿ ಮರಳಿದರು.

ಇಷ್ಟವಾದ ಆಜ್ಞೆಯನ್ನು ನಡೆಸುವಲ್ಲಿ ಪರೀಕ್ಷೆಯಿಲ್ಲ. ನಮ್ಮಿಂದ ಏನನ್ನಾದರೂ ಕೇಳುವ ಆಜ್ಞೆಯ ಮುಂದೆಯೇ ನಮ್ಮ ವಿಶ್ವಾಸದ ಸದ್ದು ಕೇಳಬೇಕು.