ನೋಡಿದ ಮೂರು ಚಿತ್ರ, ಓದಿದ ಒಂದು ಕಾದಂಬರಿ



ಕಳೆದ ಕೆಲವು ತಿಂಗಳುಗಳಲ್ಲಿ ನಾನು ಮೂರು ಕನ್ನಡ ಚಲನಚಿತ್ರಗಳನ್ನು ನೋಡಿದೆ, ಒಂದು ಕಾದಂಬರಿಯನ್ನು ಓದಿದೆ. ಚಿತ್ರಗಳಲ್ಲಿ ಎರಡು ಹಳೆಯವು, ಒಂದು ಈಚಿನದು. ಕಾದಂಬರಿಯೂ ಹೊಸದೇನಲ್ಲ. ಇವುಗಳ ಬಗ್ಗೆ ನನಗೆ ಅನಿಸಿದ್ದನ್ನು ತಮ್ಮ ಮುಂದಿಡುವುದಷ್ಟೇ ಈ ಭಾಷಣದ ಉದ್ದೇಶ. ಇದು ವಿಮರ್ಶೆಯಲ್ಲ, ಆ ಅಧಿಕಾರ ನನಗಿಲ್ಲ. ನಾನು ಓದಿದ್ದು ವಿಜ್ಞಾನ, ಮಾಡುತ್ತಿರುವುದು ದೂರದರ್ಶನ ಕಾರ್ಯಕ್ರಮಗಳ ನಿರ್ಮಾಣ. ಸಂಕಲನದ ಕೊಠಡಿಯಲ್ಲಿ ದಿನವಿಡೀ ಜನರ ಮಾತನ್ನು ಹಿಂದೆ ಮುಂದೆ ಓಡಿಸಿ ಕೇಳುವವನಿಗೆ ಚಿತ್ರ ನೋಡುವಾಗ ಕಣ್ಣಿಗಿಂತ ಕಿವಿಯೇ ಹೆಚ್ಚು ಚುರುಕು. ಹಾಗಾಗಿ ನಾನು ಹೇಳುವುದೆಲ್ಲ ಕಿವಿಯ ಕಡೆಯಿಂದಲೇ.

ಮೊದಲು ಕಂಡದ್ದು ‘ಕೊಟ್ರೇಶಿ ಕನಸು’. ನಾಗತಿಹಳ್ಳಿ ಚಂದ್ರಶೇಖರ್ ಅವರು 1994ರಲ್ಲಿ ನಿರ್ದೇಶಿಸಿದ ಈ ಚಿತ್ರದ ಕಥೆ ಕುಂ. ವೀರಭದ್ರಪ್ಪನವರದು. ಓದಬೇಕೆಂಬ ಹಂಬಲ ಹೊತ್ತ ದಲಿತ ಹುಡುಗನೊಬ್ಬನ ಕಥೆ. ಆ ಹುಡುಗನ ಪಾತ್ರಕ್ಕಾಗಿ ವಿಜಯ ರಾಘವೇಂದ್ರ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೂ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಇದೆಲ್ಲ ಅನೇಕರಿಗೆ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಹೆಸರು.

ನಮ್ಮ ಬಳ್ಳಾರಿ ಸೀಮೆಯಲ್ಲಿ ಹೆಸರೇ ವಿಳಾಸ. ಕೊಟ್ರೇಶಿ, ಕೊಟ್ರಪ್ಪ, ಕೊಟ್ರಮ್ಮ ಎಂದರೆ ಆ ಮನೆಯವರು ಕೊಟ್ಟೂರಿನ ಕೊಟ್ಟೂರೇಶ್ವರನಿಗೆ ನಡೆದುಕೊಳ್ಳುವವರು. ಎರ್ರಿಸ್ವಾಮಿ ಎಂದರೆ ಚೆಳ್ಳಗುರ್ಕಿಯ ಎರ್ರಿತಾತನ ಭಕ್ತರು. ದೊಡ್ಡಬಸಪ್ಪ ಎಂದೊಡನೆ ಕುರುಗೋಡಿನ ದೊಡ್ಡಬಸವೇಶ್ವರ ಕಣ್ಣ ಮುಂದೆ ಬರುತ್ತಾನೆ. ಪಂಪಾಪತಿ ಎಂದರೆ ಹಂಪಿ. ರಾಹುಲ, ರೋಹಿತ ಎಂಬ ಹೆಸರಿನ ಹುಡುಗ ಯಾವ ಊರಿನವನಾದರೂ ಆಗಬಹುದು. ಕೊಟ್ರೇಶಿ ಹಾಗಲ್ಲ. ಅವನಿಗೆ ಒಂದು ಊರಿದೆ, ಒಂದು ತೇರಿದೆ. ಚಿತ್ರದ ಶೀರ್ಷಿಕೆಯಲ್ಲಿಯೇ ಆ ಹೆಸರನ್ನು ಉಳಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಕೊಟ್ಟೂರು ಬಳ್ಳಾರಿ ಜಿಲ್ಲೆಯಲ್ಲಿಲ್ಲ. ಆದರೆ ಜಿಲ್ಲೆಯ ಗಡಿಯ ಈಚೆಗೂ ಕೊಟ್ರೇಶಿಗಳು ಹುಟ್ಟುತ್ತಲೇ ಇದ್ದಾರೆ.

ಎರಡನೆಯ ಚಿತ್ರ ಗಿರೀಶ್ ಕಾಸರವಳ್ಳಿಯವರ ‘ಕೂರ್ಮಾವತಾರ’, 2011ರದು. ಇದರ ಕಥೆಯೂ ಕುಂ.ವೀ. ಅವರದೇ. ನಿವೃತ್ತಿಯ ಅಂಚಿಗೆ ಬಂದ ಸರಕಾರಿ ನೌಕರ ಆನಂದರಾಯರು ನೋಡಲು ಗಾಂಧೀಜಿಯಂತೆ ಇದ್ದಾರೆ ಎಂಬ ಒಂದೇ ಕಾರಣಕ್ಕೆ ದೂರದರ್ಶನದ ಧಾರಾವಾಹಿಯೊಂದರಲ್ಲಿ ಗಾಂಧಿ ಪಾತ್ರಕ್ಕೆ ಆಯ್ಕೆಯಾಗುತ್ತಾರೆ. ನಟನೆ ಗೊತ್ತಿಲ್ಲ, ಗಾಂಧಿಯನ್ನು ಓದಿದವರೂ ಅಲ್ಲ. ಶಿಕಾರಿಪುರ ಕೃಷ್ಣಮೂರ್ತಿಯವರು ಆ ಪಾತ್ರವನ್ನು ಮಾಡಿದ ರೀತಿ ನಮ್ಮ ಕಸುಬಿನವರು ನೋಡಲೇಬೇಕಾದದ್ದು. ನಮ್ಮಂಥವರು ಒಬ್ಬ ಸಾಮಾನ್ಯ ಮನುಷ್ಯನನ್ನು ಕರೆತಂದು, ದೀಪ ಹಾಕಿ, ಬೇರೆಯವರ ಮಾತನ್ನು ಅವನ ಬಾಯಲ್ಲಿ ಇಟ್ಟು ಕಳಿಸಿಬಿಡುತ್ತೇವೆ. ಆ ಮಾತು ಅವನ ಮನೆಯವರೆಗೂ ಹಿಂಬಾಲಿಸಿ ಹೋಗುತ್ತದೆ ಎಂಬುದನ್ನು ಈ ಚಿತ್ರ ತಣ್ಣಗೆ ಹೇಳುತ್ತದೆ. ಗಾಂಧಿಯ ಮಾತನ್ನು ಉಚ್ಚರಿಸಿದವರನ್ನು ಜನ ಗಾಂಧಿಯ ಅಳತೆಗೋಲಿನಿಂದಲೇ ಅಳೆಯತೊಡಗುತ್ತಾರೆ.

ಕುಂ.ವೀ. ಅವರ ಕಥೆ ಎಂದರೆ ಕೊಟ್ಟೂರು, ಕೂಡ್ಲಿಗಿ ಕಡೆಯ ಮಾತನ್ನು ನಿರೀಕ್ಷಿಸುವವರಿಗೆ ‘ಕೂರ್ಮಾವತಾರ’ದಲ್ಲಿ ಅದು ಸಿಗುವುದಿಲ್ಲ. ಅದರಿಂದ ನನಗೆ ಬೇಸರವಾಗಲಿಲ್ಲ. ಕಡತಗಳ ನಡುವೆ ಬದುಕು ಸವೆಸಿದ ಬೆಂಗಳೂರಿನ ನೌಕರನಿಗೆ ಕಚೇರಿಯ ಕನ್ನಡವೇ ತಾಯಿನುಡಿ ಆಗಿಬಿಟ್ಟಿರುತ್ತದೆ. ಆ ಮನುಷ್ಯನಿಗೆ ಆ ಮಾತು ಸರಿ. ಅಂದರೆ ಗ್ರಾಮ್ಯವಾಗಿ ಮಾತಾಡಿಸಿದರೆ ಮಾತ್ರ ಒಳ್ಳೆಯ ಚಿತ್ರ ಎಂದು ನಾನು ಹೇಳುತ್ತಿಲ್ಲ. ಪಾತ್ರದ ಮಾತು ಪಾತ್ರದ್ದೇ ಆಗಿರಬೇಕು ಎನ್ನುತ್ತಿದ್ದೇನೆ.

ಇನ್ನು ಕಾದಂಬರಿ. ಅದೂ ಕುಂ.ವೀ. ಅವರದೇ, ‘ಅರಮನೆ’. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ವಿಜ್ಞಾನದಲ್ಲಿ ಪ್ರಯೋಗ ಮಾಡುವಾಗ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿ ನೋಡುತ್ತೇವೆ. ನನ್ನ ಈ ಓದು, ನೋಟಗಳಲ್ಲಿ ಲೇಖಕರು ಸ್ಥಿರ, ಮಾಧ್ಯಮ ಬದಲು. ಹಾಗಾಗಿ ಹೋಲಿಸಲು ಅನುಕೂಲವಾಯಿತು.

‘ಅರಮನೆ’ಯ ಕಾಲ ಪಾಳೆಯಗಾರರ ಕೊನೆಗಾಲ, ಕುಂಪಣಿ ಸರಕಾರ ಬೇರೂರುತ್ತಿದ್ದ ಕಾಲ. ಇತಿಹಾಸ ಹೇಳುವುದು ಇಷ್ಟು: 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಅಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ಪಾಳೆಯಗಾರರನ್ನು ಅಡಗಿಸಿದ, ಹೊಲ ಅಳೆಸಿದ, ರೈತವಾರಿ ಕಂದಾಯ ತಂದ. 1827ರಲ್ಲಿ, ಮದರಾಸಿನ ಗವರ್ನರನಾಗಿದ್ದಾಗ, ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಜನ ಅವನನ್ನು ಮಂತ್ರಾಲಯದ ರಾಯರ ಮಹಿಮೆಯ ಕಥೆಯೊಳಗೂ ಸೇರಿಸಿಕೊಂಡರು. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು ಎಂದೂ ಹೇಳುವುದುಂಟು. ಕಂದಾಯದ ಸಾಹೇಬನೊಬ್ಬ ಅಪ್ಪನಾಗಿ ಹೋದ ಚೋದ್ಯ ಅದು!

ಕುಂ.ವೀ. ಈ ಇತಿಹಾಸವನ್ನು ಗೆಜೆಟಿಯರಿನ ಕಡೆಯಿಂದ ಹೇಳುವುದಿಲ್ಲ, ಕಟ್ಟೆಯ ಮೇಲೆ ಕುಳಿತವರ ಬಾಯಿಂದ ಹೇಳಿಸುತ್ತಾರೆ. ಕಾಗುಣಿತವೂ ಅಲ್ಲಿ ನಾಲಿಗೆಯ ಹಿಂದೆಯೇ ನಡೆಯುತ್ತದೆ. ಮೊದಲ ಪುಟಗಳಲ್ಲಿ ಕಷ್ಟವಾಗುತ್ತದೆ, ಇಲ್ಲವೆನ್ನುವುದಿಲ್ಲ. ನಾನು ಒಂದು ಉಪಾಯ ಮಾಡಿದೆ: ಬಾಯಿಬಿಟ್ಟು ಗಟ್ಟಿಯಾಗಿ ಓದಿದೆ. ಆಗ ಕಣ್ಣಿಗೆ ತೊಡಕಾಗಿದ್ದ ವಾಕ್ಯ ಕಿವಿಗೆ ಸಲೀಸಾಯಿತು. ‘ಅರಮನೆ’ಯನ್ನು ಅರ್ಧಕ್ಕೆ ಮುಚ್ಚಿಟ್ಟಿರುವ ಸ್ನೇಹಿತರಿಗೆಲ್ಲ ನನ್ನ ಸಲಹೆ ಇದೇ. ಮನೆಯಲ್ಲಿ ಹಿರಿಯರಿದ್ದರೆ ಅವರ ಮುಂದೆ ಓದಿ. ನಿಮಗೆ ಅರ್ಥವಾಗದ ಮಾತಿಗೆ ಅವರು ನಗುತ್ತಾರೆ.

ಇಲ್ಲಿ ಭೌತಶಾಸ್ತ್ರದ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಹಳೆಯ ದೂರವಾಣಿ ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಕಂಪನಗಳ ನಡುವಿನದನ್ನು ಮಾತ್ರ. ಅಷ್ಟಿದ್ದರೆ ಮಾತಿನ ಅರ್ಥ ತಿಳಿಯುತ್ತದೆ, ಅದಕ್ಕಿಂತ ಹೆಚ್ಚು ಸಾಗಿಸುವುದು ದುಬಾರಿ ಎಂಬುದು ಎಂಜಿನಿಯರುಗಳ ಲೆಕ್ಕ. ಅರ್ಥವೇನೋ ತಿಳಿಯುತ್ತಿತ್ತು. ಆದರೆ ‘ಸ’ ಮತ್ತು ‘ಫ’ ಒಂದೇ ಥರ ಕೇಳಿಸುತ್ತಿದ್ದವು, ಸ್ವಂತ ತಮ್ಮನ ಧ್ವನಿಯೂ ಪರಕೀಯವೆನಿಸುತ್ತಿತ್ತು. ನಮ್ಮ ಬಹಳಷ್ಟು ಚಲನಚಿತ್ರಗಳು ಮತ್ತು ದೂರದರ್ಶನ ಕಾರ್ಯಕ್ರಮಗಳು ಬಳಸುವ ಕನ್ನಡ ಆ ದೂರವಾಣಿಯ ತಂತಿಯ ಹಾಗೆ. ಅರ್ಥ ತಲುಪುತ್ತದೆ, ಮನುಷ್ಯ ತಲುಪುವುದಿಲ್ಲ.

ಮೂರನೆಯ ಚಿತ್ರ ಈ ಮಾತಿಗೆ ಎದುರು ಸಾಕ್ಷಿ. ಉತ್ಸವ್ ಗೋನವಾರ ನಿರ್ದೇಶಿಸಿದ ‘ಫೋಟೋ’ 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳಿಗೆ ಬಂತು. ರಾಯಚೂರು ಕಡೆಯ ಹಳ್ಳಿಯ ಹುಡುಗ ದುರ್ಗ್ಯಾನಿಗೆ ಒಂದೇ ಆಸೆ: ಬೆಂಗಳೂರಿನ ವಿಧಾನಸೌಧದ ಮುಂದೆ ನಿಂತು ತನ್ನದೊಂದು ಫೋಟೋ ತೆಗೆಸಿಕೊಳ್ಳಬೇಕು. ಅಪ್ಪ ಬೆಂಗಳೂರಿನಲ್ಲಿ ಕೂಲಿಗೆ ಹೋಗಿದ್ದಾನೆ. ಹುಡುಗ ಅಪ್ಪನ ಬಳಿ ಬರುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಣೆಯಾಗಿ ಅಂದು ಮಧ್ಯರಾತ್ರಿಯಿಂದಲೇ ದೇಶ ಬಾಗಿಲು ಹಾಕಿಕೊಂಡದ್ದು ನಮಗೆಲ್ಲ ನೆನಪಿದೆ. ಕೂಲಿಯವರು ಊರಿನತ್ತ ನಡೆದು ಹೊರಟ ದೃಶ್ಯಗಳೂ ನೆನಪಿವೆ. ಅಂಥ ಒಂದು ನಡಿಗೆಯೇ ಈ ಚಿತ್ರ. ಕೊನೆಗೆ ಏನಾಗುತ್ತದೆ ಎಂಬುದನ್ನು ಹೇಳಿ ನಿಮ್ಮ ನೋಟವನ್ನು ಕೆಡಿಸುವುದಿಲ್ಲ.

ಇದನ್ನು ನಾನು ನೋಡಿದ್ದು ಸಿರುಗುಪ್ಪದಲ್ಲಿ, ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಸಿರುಗುಪ್ಪ ತಾಲ್ಲೂಕಿನ ಅಂಚಿಗೆ ತುಂಗಭದ್ರೆ, ಹೊಳೆ ದಾಟಿದರೆ ರಾಯಚೂರು ಜಿಲ್ಲೆ. ಚಿಕ್ಕಮ್ಮನ ಅತ್ತೆ ಸಿನಿಮಾ ನೋಡುವವರಲ್ಲ. ಒಳಗೆ ಅಕ್ಕಿ ಆರಿಸುತ್ತಿದ್ದವರು ಮಾತು ಕೇಳಿ ಮೊರ ಹಿಡಿದುಕೊಂಡೇ ಹೊರಗೆ ಬಂದರು. “ಏನಪ್ಪಾ, ಇವರು ಸಿನಿಮಾದವರೇನು? ನಮ್ಮೂರೋರು ಇದ್ದಂಗ ಅದಾರಲ್ಲ!” ಎಂದು ಕೂತವರು ಮುಗಿಯುವತನಕ ಏಳಲಿಲ್ಲ. ಯಾವ ಪ್ರಶಸ್ತಿ ಸಮಿತಿಯ ಮಾತಿಗಿಂತಲೂ ಇದು ಕಡಿಮೆಯಲ್ಲ ಎಂದು ನನ್ನ ಭಾವನೆ. ಆ ಮಾತು ತೆರೆಯ ಮೇಲೆ ನಗಿಸುವುದಕ್ಕಾಗಿ ಬಂದಿರಲಿಲ್ಲ. ನಮ್ಮ ಕಡೆಯ ಭಾಷೆ ಸಿನಿಮಾದಲ್ಲಿ ಬಂದರೆ ಅದು ಅಡುಗೆಯವನದೋ, ಪೆದ್ದ ಪೋಲೀಸಿನವನದೋ ಆಗಿರುವುದೇ ಹೆಚ್ಚು. ಇಲ್ಲಿ ಅಪ್ಪನ ದುಃಖಕ್ಕೂ ಅದೇ ಭಾಷೆ, ಮಗನ ಆಸೆಗೂ ಅದೇ ಭಾಷೆ.

ಬೇರೆ ಸೀಮೆಯವರು ಈ ಕೆಲಸವನ್ನು ಮೊದಲೇ ಮಾಡಿ ತೋರಿಸಿದ್ದಾರೆ. ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ನಟರನ್ನಾಗಿಸಿ, ಅವರ ಮಾತಿನಲ್ಲಿಯೇ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ವೈದೇಹಿಯವರ ಕಥೆಗಳನ್ನು ಆಧರಿಸಿದ ‘ಅಮ್ಮಚ್ಚಿಯೆಂಬ ನೆನಪು’ 2018ರಲ್ಲಿ ಕುಂದಾಪುರದ ಕನ್ನಡವನ್ನು ತೆರೆಗೆ ತಂದಿತು. ಅರ್ಥವಾಗುವುದಿಲ್ಲ ಎಂದು ಯಾರೂ ಎದ್ದು ಹೋಗಲಿಲ್ಲ.

ಬಳ್ಳಾರಿಗೆ ಇನ್ನೊಂದು ವಿಶೇಷವಿದೆ, ಇಲ್ಲಿನ ಕಿವಿಗೆ ಎರಡು ಭಾಷೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು; ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಭೂಪಟದ ಮೇಲೆ ಗೆರೆ ಬಿತ್ತು, ನಾಲಿಗೆಯ ಮೇಲೆ ಬೀಳಲಿಲ್ಲ. ಅದಕ್ಕೂ ಮೊದಲೇ ಬಳ್ಳಾರಿ ರಾಘವರಂಥ ಮಹಾನಟರು ವಕೀಲಿ ಮಾಡುತ್ತಲೇ ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ಅಭಿನಯಿಸಿದ್ದರು. 1939ರ ತೆಲುಗು ಚಿತ್ರ ‘ರೈತುಬಿಡ್ಡ’ದಲ್ಲಿ ರೈತನಾಗಿ ಕಾಣಿಸಿಕೊಂಡವರೂ ಅವರೇ. ಇಂದಿಗೂ ಬಳ್ಳಾರಿ ಪೇಟೆಯಲ್ಲಿ ಬೆಲೆ ಕೇಳುವುದು ಒಂದು ಭಾಷೆಯಲ್ಲಿ, ಚೌಕಾಸಿ ಇನ್ನೊಂದರಲ್ಲಿ. ಈ ಬೆರಕೆ ಮಾತನ್ನು ಕೇಳಿಸುವ ಒಂದು ಕನ್ನಡ ಚಿತ್ರಕ್ಕಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

ಚಲನಚಿತ್ರದವರ ಬಗ್ಗೆ ಇಷ್ಟು ಹೇಳಿ ನನ್ನ ಕಸುಬನ್ನು ಬಿಟ್ಟರೆ ನ್ಯಾಯವಲ್ಲ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ದೇವಾಲಯದ ಕುರಿತು ಚಿತ್ರೀಕರಣಕ್ಕೆ ಹೋಗಿದ್ದೆವು. ಅಲ್ಲಿನ ಹಿರಿಯರೊಬ್ಬರು ಚಹಾ ಕುಡಿಯುತ್ತ ಆ ದೊಡ್ಡ ಬಸವಣ್ಣನ ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ ನಮ್ಮ ಛಾಯಾಗ್ರಾಹಕರು ಲೋಟ ಕೆಳಗಿಡುವುದನ್ನೇ ಮರೆತಿದ್ದರು. ಕ್ಯಾಮೆರಾ ಶುರುವಾಯಿತು. ಹಿರಿಯರು ಎದೆ ಸೆಟೆಸಿ, “ಸದರಿ ದೇವಾಲಯವು ಅತ್ಯಂತ ಪುರಾತನವಾದುದಾಗಿರುತ್ತದೆ” ಎಂದರು. ಬಸವಣ್ಣ ಕಲ್ಲಾಗಿಯೇ ಉಳಿದ. ಕೊನೆಗೆ ಕ್ಯಾಮೆರಾದ ಕೆಂಪು ದೀಪಕ್ಕೆ ಕಪ್ಪು ಟೇಪು ಅಂಟಿಸಿ, ಇನ್ನೊಂದು ಲೋಟ ಚಹಾ ತರಿಸಿದ ಮೇಲೆಯೇ ಕಥೆ ಮರಳಿ ಬಂದದ್ದು.

ಇದು ನಗುವ ಸಂಗತಿ ಮಾತ್ರವಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ಭತ್ತದ ರೈತರ ಆತಂಕವನ್ನು ನೆನೆಯಿರಿ. ಅಲ್ಲಿನ ರೈತ ಮನೆಯಲ್ಲಿ ಹೇಳುವುದು “ಕಾಲುವಿಗೆ ನೀರು ಬಿಟ್ಟಾರ, ನಮ್ಮ ತನಕ ಬಂದಿಲ್ಲ” ಎಂದು. ಕ್ಯಾಮೆರಾ ಮುಂದೆ ಅದೇ ಮಾತು “ಕಾಲುವೆಗೆ ನೀರನ್ನು ಹರಿಸಲಾಗಿದ್ದು, ಕೊನೆಯ ಭಾಗಕ್ಕೆ ತಲುಪಿರುವುದಿಲ್ಲ” ಎಂದಾಗುತ್ತದೆ. ಎರಡನ್ನೂ ಹೋಲಿಸಿ. “ಬಿಟ್ಟಾರ” ಎನ್ನುವಲ್ಲಿ ಬಿಟ್ಟವರು ಯಾರೋ ಇದ್ದಾರೆ, ಅವರನ್ನು ಕೇಳಬಹುದು. “ನಮ್ಮ ತನಕ” ಎನ್ನುವಲ್ಲಿ ಕಾಯುತ್ತಿರುವವರು ಇದ್ದಾರೆ. ಎರಡನೆಯ ವಾಕ್ಯದಲ್ಲಿ ಇಬ್ಬರೂ ಇಲ್ಲ, ನೀರು ತಾನೇ ಹರಿದು ತಾನೇ ನಿಂತಂತಿದೆ. ಮಾತು ತಿದ್ದಿದಾಗ ಕಳೆದುಹೋದದ್ದು ಸೊಗಡು ಒಂದೇ ಅಲ್ಲ, ಕೇಳುವ ಹಕ್ಕಿನ ಒಂದು ಪಾಲೂ ಹೋಯಿತು.

ಎಲ್ಲರಿಗೂ ತಿಳಿಯುವ ಒಂದು ಸಾಮಾನ್ಯ ಕನ್ನಡ ಬೇಕೇ ಬೇಕು. ವಾರ್ತೆ ಕಾರವಾರಕ್ಕೂ ಚಾಮರಾಜನಗರಕ್ಕೂ ಒಟ್ಟಿಗೆ ತಲುಪಬೇಕು. ಶಾಲೆಗೆ ಹೋದ ಕೊಟ್ರೇಶಿ ಅದನ್ನು ಕಲಿಯಲೇಬೇಕು, ಅದು ಅವನ ಹಕ್ಕು. ಆದರೆ ಎರಡನೆಯ ಕನ್ನಡ ಕಲಿಯಲು ಮೊದಲನೆಯದಕ್ಕೆ ನಾಚಬೇಕಾಗಿಲ್ಲ. ಬಳ್ಳಾರಿಯಲ್ಲಿ ತೆಲುಗು ಕನ್ನಡ ಎರಡನ್ನೂ ಆಡಿಕೊಂಡು ಬೆಳೆದ ಮಕ್ಕಳಿಗೆ ಇದನ್ನು ಹೇಳಿಕೊಡುವ ಅಗತ್ಯವೂ ಇಲ್ಲ. ನಾಚಿಕೆಯನ್ನು ಕಲಿಸುತ್ತಿರುವವರು ದೊಡ್ಡವರು, ಅದರಲ್ಲೂ ತೆರೆಯ ಹಿಂದಿರುವ ನಮ್ಮಂಥವರು.

ವೀಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ‘ಫೋಟೋ’ ಸಿಕ್ಕರೆ ಮನೆಯ ಹಿರಿಯರ ಜೊತೆ ಕೂತು ನೋಡಿ. ‘ಅರಮನೆ’ಯ ನಾಲ್ಕು ಪುಟಗಳನ್ನಾದರೂ ಗಟ್ಟಿಯಾಗಿ ಓದಿ. ಮುಂದೆ ಯಾವಾಗಲಾದರೂ ನಮ್ಮ ಕ್ಯಾಮೆರಾ ನಿಮ್ಮ ಓಣಿಗೆ, ನಿಮ್ಮ ಗದ್ದೆಯ ಬದುವಿಗೆ ಬಂದರೆ, ದಯವಿಟ್ಟು ಮನೆಯಲ್ಲಿ ಮಾತಾಡಿದ ಹಾಗೆಯೇ ಮಾತಾಡಿ. ಕೇಳಿಸಿಕೊಳ್ಳುವುದನ್ನು ಕಲಿಯಬೇಕಾದವರು ನಾವು.