ಕಳೆದುಕೊಂಡವರ ಗ್ರೂಪ್ ಬೇರೆ, ಸಿಕ್ಕವರ ಗ್ರೂಪ್ ಬೇರೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ. ಇವತ್ತು ಟ್ಯಾಕ್ಸ್, ಎಸ್‌ಐಪಿ, ಸಾಲ ಯಾವುದೂ ಇಲ್ಲ. ಇವತ್ತು ನಾಯಿ ವಿಷಯ. ಸ್ವಲ್ಪ ಬೆಕ್ಕಿನದ್ದೂ ಇದೆ.

ದೀಪಾವಳಿ ಬಂತು ಅಂದ್ರೆ ಇನ್‌ಸ್ಟಾದಲ್ಲಿ ದೀಪದ ಫೋಟೋಗಳ ಮಧ್ಯೆ ‘ಮಿಸ್ಸಿಂಗ್’ ಅಂತ ನಾಯಿಗಳ ಫೋಟೋ ಶುರುವಾಗುತ್ತೆ. ಪಟಾಕಿ ಸದ್ದಿಗೆ ಬೆದರಿ, ಅರ್ಧ ತೆರೆದಿದ್ದ ಗೇಟಿನಿಂದ ಓಡಿಹೋಗಿರ್ತಾವೆ. ಅದೇ ವಾರ ಇನ್ನೊಂದು ಥರದ ಪೋಸ್ಟೂ ಬರುತ್ತೆ: ‘ಈ ನಾಯಿ ನಮ್ಮ ರಸ್ತೇಲಿ ಸಿಕ್ಕಿದೆ, ಯಾರದು?’ ನಾನು ಬಿ.ಕಾಂ. ಓದಿದೋನು. ಕಾಲೇಜಲ್ಲಿ ಬ್ಯಾಂಕ್ ರೀಕನ್ಸಿಲಿಯೇಷನ್ ಅಂತ ಒಂದು ಪಾಠ ಇತ್ತು. ಕ್ಯಾಶ್ ಬುಕ್ ಒಂದು ಹೇಳುತ್ತೆ, ಪಾಸ್ ಬುಕ್ ಇನ್ನೊಂದು ಹೇಳುತ್ತೆ, ಎರಡನ್ನೂ ಪಕ್ಕದಲ್ಲಿ ಇಟ್ಟು ತಾಳೆ ನೋಡಬೇಕು. ನಾಯಿ ವಿಷಯದಲ್ಲೂ ಅಷ್ಟೇ. ಕಳೆದುಕೊಂಡವರ ಲೆಕ್ಕ ಒಂದು ಗ್ರೂಪಲ್ಲಿ, ಸಿಕ್ಕವರ ಲೆಕ್ಕ ಇನ್ನೊಂದರಲ್ಲಿ. ತಾಳೆ ನೋಡೋರು ಮಾತ್ರ ಯಾರೂ ಇಲ್ಲ.

ಹೋದ ವರ್ಷ ನಮ್ಮ ಬಡಾವಣೆಯಲ್ಲೇ ನಡೆದಿದ್ದು ಕೇಳಿ. ಪಕ್ಕದ ರಸ್ತೆ ಆಂಟಿಯದ್ದು ಬೀದಿಯಿಂದ ತಂದು ಸಾಕಿದ್ದ ಕಂದು ಬಣ್ಣದ ಹೆಣ್ಣು ನಾಯಿ. ನರಕ ಚತುರ್ದಶಿ ರಾತ್ರಿ ತಪ್ಪಿಸಿಕೊಂಡಿತು. ಆಂಟಿ ಮಗಳು ಆರು ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದಳು. ಮೂರು ದಿನ ಏನೂ ಇಲ್ಲ. ಆಂಟಿ ಊಟ ಬಿಟ್ಟಿದ್ರು. ಆಮೇಲೆ ಗೊತ್ತಾಯ್ತು, ಎರಡನೇ ದಿನವೇ ಒಂದು ಬಸ್‌ಸ್ಟಾಪ್ ಆಚೆಯ ಪಿಜಿ ಹುಡುಗ ಅದೇ ನಾಯಿಯ ಫೋಟೋನ ಸ್ಟೋರಿಗೆ ಹಾಕಿದ್ದ. ಸ್ಟೋರಿ 24 ಗಂಟೆಗೆ ಮಾಯ. ಕೊನೆಗೆ ದಾರಿ ತೋರಿಸಿದ್ದು ಬೆಳಗ್ಗೆ ಕಸ ತಗೊಳ್ಳೋ ಆಟೋದವರು. “ಅಕ್ಕಾ, ಆ ತುದೀಲಿ ಬಿಲ್ಡಿಂಗ್ ಕಟ್ತಾವ್ರಲ್ಲ, ಅಲ್ಲಿ ವಾಚ್‌ಮನ್ ಹತ್ರ ಕೆಂಪು ಬೆಲ್ಟ್ ಇರೋ ನಾಯಿ ಐತೆ, ಹೋಗಿ ನೋಡಿ” ಅಂದ್ರು. ಆ ವಾಚ್‌ಮನ್ ತನ್ನ ಅನ್ನದಲ್ಲೇ ಅದಕ್ಕೂ ಪಾಲು ಹಾಕ್ತಿದ್ದ. ಅವನ ಹತ್ರ ಇದ್ದಿದ್ದು ಕೀಪ್ಯಾಡ್ ಫೋನು.

ಹಾಗಾಗಿ ನಾಯಿ ತಪ್ಪಿಸಿಕೊಂಡ ರಾತ್ರಿಯೇ ಪೋಸ್ಟ್ ಹಾಕಿ, ಬೇಡ ಅನ್ನಲ್ಲ. ಆದ್ರೆ ಬೆಳಗ್ಗೆ ಐದಕ್ಕೆ ರಸ್ತೆಗೆ ಇಳೀಲೇಬೇಕು. ಆ ಹೊತ್ತಲ್ಲಿ ಗಾಡಿ ಕಮ್ಮಿ, ಅವಿತಿದ್ದ ನಾಯಿ ನೀರು ಹುಡುಕ್ಕೊಂಡು ಹೊರಗೆ ಬರುತ್ತೆ. ಪೌರಕಾರ್ಮಿಕರು, ಹಾಲಿನ ಬೂತಿನವರು, ಪೇಪರ್ ಹುಡುಗರು, ಇಸ್ತ್ರಿ ಅಂಗಡಿಯವರು, ಎಳನೀರಿನವರು, ಸೆಕ್ಯುರಿಟಿಗಳು, ಇವರೆಲ್ಲರ ಕೈಗೆ ಒಂದೊಂದು ಪ್ರಿಂಟ್ ಕೊಡಿ. ದೊಡ್ಡ ಫೋಟೋ, ದೊಡ್ಡ ಅಕ್ಷರದಲ್ಲಿ ಫೋನ್ ನಂಬರ್, ಕನ್ನಡದಲ್ಲಿ ಎರಡು ಸಾಲು. ಸೆಕ್ಯುರಿಟಿಗಳಲ್ಲಿ ಹೊರಗಿನಿಂದ ಬಂದವರೂ ಜಾಸ್ತಿ, ಹಿಂದೀಲೂ ಒಂದು ಸಾಲು ಇರಲಿ. ಇಂಗ್ಲಿಷಲ್ಲಿ ‘ಫ್ರೆಂಡ್ಲಿ, ರೆಸ್ಪಾಂಡ್ಸ್ ಟು ಬ್ರೂನೋ’ ಅಂತ ಬರೆದು ಅಂಟಿಸಿದ್ರೆ ಓದೋದು ನಿಮ್ಮ ಥರದವರೇ, ಅವರು ಆ ಹೊತ್ತಿಗೆ ಮಲಗಿರ್ತಾರೆ.

ಫೋಟೋ ಹಾಕುವಾಗ ಒಂದು ಗುರುತು ಮಾತ್ರ ಹೇಳಬೇಡಿ. ಹೊಟ್ಟೆ ಮೇಲಿನ ಮಚ್ಚೆ, ಮುರಿದ ಹಲ್ಲು, ಹೀಗೆ ಏನಾದ್ರೂ. ‘ನಿಮ್ಮ ನಾಯಿ ನನ್ನ ಹತ್ರ ಇದೆ, ಗಾಡಿ ಖರ್ಚಿಗೆ ಎರಡು ಸಾವಿರ ಹಾಕಿ’ ಅಂತ ಫೋನ್ ಬರುತ್ತೆ. ಆ ಗುರುತು ಕೇಳಿ, ವಿಡಿಯೋ ಕಾಲ್ ಮಾಡಿ ಅನ್ನಿ. ನಾಯಿ ಕೈಗೆ ಬರೋ ತನಕ ದುಡ್ಡು ಬೇಡ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರೆ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತೆ, ಬರಲ್ಲ. ನೋಡಿ, ನಾಯಿ ಎಪಿಸೋಡಲ್ಲೂ ಇದು ಬಂದೇ ಬಿಡ್ತು.

ಇನ್ನು, ಕಣ್ಣಿಗೆ ಬಿದ್ದ ತಕ್ಷಣ ಹೆಸರು ಕೂಗಿಕೊಂಡು ಓಡಬೇಡಿ. ಹೆದರಿದ ನಾಯಿಗೆ ಆ ಗಳಿಗೆಯಲ್ಲಿ ಮನೆಯವರ ಗುರುತೂ ಹತ್ತಲ್ಲ. ಅಟ್ಟಿಸಿಕೊಂಡು ಹೋದ್ರೆ ನೇರ ಮೇನ್ ರೋಡಿಗೆ ಓಡುತ್ತೆ. ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ಮೆಲ್ಲಗೆ ಮಾತಾಡಿ, ತಿಂಡಿ ಇಡಿ. ಬೆಕ್ಕಾದ್ರೆ ಲೆಕ್ಕವೇ ಬೇರೆ. ಮನೆಯೊಳಗೇ ಬೆಳೆದ ಬೆಕ್ಕು ಸಾಮಾನ್ಯವಾಗಿ ದೂರ ಹೋಗಲ್ಲ. ಪಕ್ಕದ ಮನೆ ಜೀನಾ ಕೆಳಗೋ, ಪಾರ್ಕಿಂಗಲ್ಲಿ ಕಾರಿನ ಅಡಿಯೋ ಉಸಿರು ಬಿಗಿ ಹಿಡಿದು ಕೂತಿರುತ್ತೆ, ಕರೆದರೂ ‘ಮ್ಯಾಂವ್’ ಅನ್ನಲ್ಲ. ರಾತ್ರಿ ಟಾರ್ಚ್ ಬಿಟ್ಟು ನೋಡಿ, ಕಣ್ಣು ಹೊಳೆಯುತ್ತೆ.

ಈಗ ಸಿಕ್ಕವರ ಕಡೆ ಬರೋಣ. ಬೆಲ್ಟ್ ಇಲ್ಲದ, ಕೊಳೆಯಾದ ಲ್ಯಾಬ್ರಡಾರ್ ಕಂಡ ಕೂಡಲೇ ನಾವು ‘ಛೆ, ಯಾರೋ ಬಿಟ್ಟು ಹೋಗಿದ್ದಾರೆ’ ಅಂತೀವಿ. 2022ರಲ್ಲಿ ‘777 ಚಾರ್ಲಿ’ ನೋಡಿ ಅತ್ತವರು ನಾವು, ಹಾಗೆ ಅನಿಸೋದು ಸಹಜ. ಬಿಟ್ಟು ಹೋಗೋರೂ ಇದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ, ಆದ್ರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲಲ್ಲ! ಆದರೂ ಮೊದಲ ವಾರ ಅದನ್ನ ಯಾರೋ ಹುಡುಕ್ತಿರೋ ನಾಯಿ ಅಂತಲೇ ಇಟ್ಟುಕೊಳ್ಳಿ. ಎರಡನೇ ದಿನವೇ ಹೊಸ ಹೆಸರಿಟ್ಟು ಫ್ರೆಂಡಿಗೆ ಕೊಟ್ಟುಬಿಡೋದು ನನಗೆ ಸರಿ ಅನಿಸಲ್ಲ.

ಹತ್ತಿರದ ವೆಟ್ ಹತ್ರ ಕರೆದುಕೊಂಡು ಹೋಗಿ ಚಿಪ್ ಇದೆಯಾ ಅಂತ ಸ್ಕ್ಯಾನ್ ಮಾಡಿಸಿ. ಎಲ್ಲಾ ಕ್ಲಿನಿಕ್ಕಲ್ಲೂ ಸ್ಕ್ಯಾನರ್ ಇರಲ್ಲ, ಮೊದಲು ಫೋನ್ ಮಾಡಿ ಕೇಳಿ. ಚಿಪ್ ಅಂದ್ರೆ ಜಿಪಿಎಸ್ ಅಲ್ಲ. ಅಕ್ಕಿಕಾಳಿನಷ್ಟು ದೊಡ್ಡದು, ಚರ್ಮದ ಕೆಳಗೆ ಇರುತ್ತೆ, ಸ್ಕ್ಯಾನ್ ಮಾಡಿದ್ರೆ 15 ಅಂಕಿಯ ನಂಬರ್ ತೋರಿಸುತ್ತೆ, ಅಷ್ಟೇ. ಆ ನಂಬರಿಗೆ ಮನೆಯವರ ಫೋನ್ ಎಲ್ಲೂ ಜೋಡಿಸಿಲ್ಲ ಅಂದ್ರೆ ಅದು ಬರೀ ನಂಬರು. ಪೋಸ್ಟ್ ಹಾಕೋದಾದ್ರೆ ಸ್ಟೋರಿ ಬೇಡ, ಉಳಿಯೋ ಪೋಸ್ಟ್ ಹಾಕಿ, ಏರಿಯಾ ಹೆಸರು ಬರೆಯಿರಿ. ಸಿಕ್ಕ ಜಾಗದಲ್ಲೇ ಒಂದು ಕಾಗದ ಅಂಟಿಸಿ.

ಬೀದಿ ನಾಯಿಯಾದ್ರೆ ಕಿವಿ ನೋಡಿ. ತುದಿ ಕತ್ತರಿಸಿದೆ ಅಥವಾ ‘ವಿ’ ಥರ ಕಚ್ಚು ಇದೆ ಅಂದ್ರೆ ಸಾಮಾನ್ಯವಾಗಿ ಆಪರೇಷನ್ ಆಗಿದೆ, ರೇಬೀಸ್ ಲಸಿಕೆ ಹಾಕಿ ಬಿಟ್ಟಿದ್ದಾರೆ ಅಂತ. 2023ರ ಎಬಿಸಿ ನಿಯಮದ ಪ್ರಕಾರ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್‌ಗಳಿಂದ ಹಿಡಿದ ನಾಯಿಗಳನ್ನ ಮಾತ್ರ ಅಲ್ಲಿಗೇ ಬಿಡಬಾರದು, ಶೆಲ್ಟರಲ್ಲಿ ಇಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿತು. ಅಂದ್ರೆ ನಿಮ್ಮ ದೇಸಿ ನಾಯಿ ಬೆಲ್ಟ್ ಇಲ್ಲದೆ ಆಸ್ಪತ್ರೆ ಕಾಂಪೌಂಡ್ ಸೇರಿದ್ರೆ, ಹಿಡಿಯೋರ ಕಣ್ಣಿಗೆ ಅದೂ ಬೀದಿ ನಾಯಿಯೇ. ಹುಡುಕುವಾಗ ಪಾಲಿಕೆಯ ಎಬಿಸಿ ಕೇಂದ್ರಕ್ಕೂ ಹೋಗಿ ನೋಡಿ. ಆರೋಗ್ಯವಾಗಿ ತನ್ನ ಬೀದೀಲಿ ಇರೋ ನಾಯಿಯನ್ನ ಪಾಪ ಅಂತ ಇನ್ನೊಂದು ಏರಿಯಾಗೆ ಸಾಗಿಸಬೇಡಿ, ಅಲ್ಲಿನ ನಾಯಿಗಳು ಸೇರಿಸಿಕೊಳ್ಳಲ್ಲ. ಕಣ್ಣು ಬಿಡದ ಮರಿಗಳು ಕಂಡ್ರೆ ಎತ್ತಿಕೊಳ್ಳೋ ಮುಂಚೆ ದೂರ ನಿಂತು ಕಾಯಿರಿ, ತಾಯಿ ಊಟ ಹುಡುಕೋಕೆ ಹೋಗಿರಬಹುದು.

ಗಾಯಗೊಂಡ ನಾಯಿ ಹತ್ರ ಹುಷಾರು, ನೋವಲ್ಲಿ ಎಂಥಾ ಸಾಧು ನಾಯಿಯೂ ಕಚ್ಚುತ್ತೆ. ಬೆಂಗಳೂರಲ್ಲಿ ಕ್ಯೂಪಾ ಥರದ ಸಂಸ್ಥೆಗಳಿವೆ, 1991ರಿಂದ ಕೆಲಸ ಮಾಡ್ತಿದ್ದಾರೆ. ಆದ್ರೆ ‘ಬಂದು ಎತ್ತಿಕೊಂಡು ಹೋಗಿ’ ಅಂತ ಫೋನ್ ಮಾಡಿ ನೀವು ಹೊರಟುಹೋದ್ರೆ ಅವರಿಗೆ ಜಾಗವೂ ಸಿಗಲ್ಲ, ನಾಯಿಯೂ ಸಿಗಲ್ಲ. ಅಲ್ಲೇ ನಿಲ್ಲಿ. ಕಚ್ಚಿದ್ರೆ, ಪರಚಿದ್ರೂ ಅಷ್ಟೇ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸೋ ಔಷಧಿ ಇಲ್ಲ.

ಮನೇಲಿ ನಾಯಿ ಇರೋರು ಇವತ್ತು ಇದೊಂದು ಮಾಡಿ: ಬೆಲ್ಟ್ ಮೇಲೆ ಮಾರ್ಕರ್‌ನಲ್ಲಿ ಫೋನ್ ನಂಬರ್ ಬರೆಯಿರಿ. ನಾಯಿ ಹೆಸರು ಬೇಡ, ನಂಬರ್ ಸಾಕು. ಕೀಪ್ಯಾಡ್ ಫೋನಿಂದಲೂ ಕಾಲ್ ಮಾಡಬಹುದು. ಸರಿ, ಮುಂದಿನ ವಾರ ಮತ್ತೆ ಟ್ಯಾಕ್ಸ್.