ಕುರ್ಚಿ ಹಾಕೋಕೆ ಮಾತ್ರ ಕರೆದ್ರೆ ಹುಡುಗರು ಉಳಿಯಲ್ಲ

ನಾನು ಮಾತಾಡ್ತಿರೋದು ವಿಜಯವಾಡದ ಪಟಮಟದಿಂದ. ಹೈದರಾಬಾದ್, ಪುಣೆ, ವಿಶಾಖಪಟ್ಟಣ, ದೂರದ ಡಲ್ಲಾಸ್‌ನಿಂದ ನೋಡ್ತಿರೋ ನಿಮಗೆಲ್ಲ ಒಂದು ಪ್ರಶ್ನೆ. ನಿಮ್ಮೂರಿನ ಕನ್ನಡ ಕೂಟದಲ್ಲಿ ಇಪ್ಪತ್ತೈದರ ಆಸುಪಾಸಿನವರು ಏನು ಕೆಲಸ ಮಾಡ್ತಾರೆ?

ನಾನು ಕಂಡ ಕೂಟಗಳಲ್ಲಿ ಉತ್ತರ ಒಂದೇ. ಕುರ್ಚಿ ಹಾಕ್ತಾರೆ, ಮೈಕ್ ಜೋಡಿಸ್ತಾರೆ, ಬಿಸಿಬೇಳೆಬಾತ್ ಬಡಿಸ್ತಾರೆ, ವಾಟ್ಸಾಪ್‌ಗೆ ಪೋಸ್ಟರ್ ಮಾಡಿಕೊಡ್ತಾರೆ. ಎರಡು ರಾಜ್ಯೋತ್ಸವ ಆದ ಮೇಲೆ ಕಾಣಿಸೋದಿಲ್ಲ. ಆಗ ಹಿರಿಯರು, "ಈಗಿನವರಿಗೆ ಭಾಷೆ ಮೇಲೆ ಪ್ರೀತಿ ಇಲ್ಲ" ಅಂತಾರೆ. ನನಗೆ ಹಾಗನ್ನಿಸಲ್ಲ.

ಇದೇ ಪಟಮಟದಲ್ಲಿ ನಾಸ್ತಿಕ ಕೇಂದ್ರ ಇದೆ. ಗೋರಾ ಅಂದರೆ ಗೋಪರಾಜು ರಾಮಚಂದ್ರ ರಾವ್, ಅವರ ಹೆಂಡತಿ ಸರಸ್ವತಿ, ಇಬ್ಬರೂ ಸೇರಿ 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ಶುರು ಮಾಡಿದ್ದು. 1947ರಲ್ಲಿ ವಿಜಯವಾಡಕ್ಕೆ ಬಂತು. ಶುರುವಾದಾಗ ಸರಸ್ವತಿಯವರಿಗೆ 27 ವರ್ಷ. ಜಾತಿ ನೋಡದೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಸಹಪಂಕ್ತಿ ಭೋಜನ ಅವರ ಮುಖ್ಯ ಕೆಲಸಗಳಲ್ಲಿ ಒಂದು. ಅದು ಬರೀ ಊಟಕ್ಕೆ ನಿಲ್ಲಲಿಲ್ಲ. ಹಿರಿಯ ಮಗಳು ಮನೋರಮಾ, ದಲಿತ ಯುವಕ ಅರ್ಜುನ ರಾವ್ ಅವರನ್ನು ಮದುವೆಯಾದರು. ಮದುವೆ ಸೇವಾಗ್ರಾಮದಲ್ಲೇ ಆಗಲಿ ಅಂದಿದ್ದ ಗಾಂಧೀಜಿ 1948ರ ಜನವರಿಯಲ್ಲಿ ಹತ್ಯೆಯಾದರು. ಮದುವೆ ನಿಲ್ಲಲಿಲ್ಲ, ಮಾರ್ಚ್‌ನಲ್ಲಿ ಅಲ್ಲೇ ನಡೆಯಿತು. ಯೋಚಿಸಿ, ಆ ಕೇಂದ್ರದ ಅತಿ ಕಷ್ಟದ ಹೆಜ್ಜೆ ಇಟ್ಟವರು ಇಬ್ಬರು ಯುವಜನರು.

ಈಗ ಪೂರ್ತಿ ಎದುರು ದಿಕ್ಕಿನ ಉದಾಹರಣೆ ಕೊಡ್ತೀನಿ. ಕ್ವೇಕರ್‌ಗಳು ಅಂತ ಕ್ರೈಸ್ತ ಮೂಲದ ಒಂದು ಪಂಥ, ಇಂಗ್ಲೆಂಡಿನಲ್ಲಿ ಹುಟ್ಟಿದ್ದು. 1652ರಲ್ಲಿ ಅದು ಉತ್ತರ ಇಂಗ್ಲೆಂಡಿನಲ್ಲಿ ಬೇರು ಬಿಡುವಾಗ ಜಾರ್ಜ್ ಫಾಕ್ಸ್‌ಗೆ ಮೂವತ್ತೂ ಆಗಿರಲಿಲ್ಲ. ಜೇಮ್ಸ್ ಪಾರ್ನೆಲ್ ಎಂಬ ಪ್ರಚಾರಕ 1656ರಲ್ಲಿ ಕೋಲ್ಚೆಸ್ಟರ್ ಸೆರೆಮನೆಯಲ್ಲಿ ಸತ್ತಾಗ ಇನ್ನೂ ಹದಿಹರೆಯದವನು. ಅವರ ಹಳೆಯ ಪದ್ಧತಿಯ ಸಭೆಯಲ್ಲಿ ಪಾದ್ರಿ ಇಲ್ಲ. ಎಲ್ಲರೂ ಮೌನವಾಗಿ ಕೂತಿರ್ತಾರೆ, ಒಳಗಿಂದ ಮಾತು ಬಂದವರು ಎದ್ದು ಹೇಳ್ತಾರೆ, ವಯಸ್ಸು ಕೇಳೋದಿಲ್ಲ. ತೀರ್ಮಾನಕ್ಕೆ ಮತದಾನವೂ ಇಲ್ಲ. ಎಲ್ಲರ ಮಾತು ಕೇಳಿ, ಸಭೆಯ ಮನಸ್ಸೇನು ಅಂತ ಒಬ್ಬರು ಅಲ್ಲೇ ಬರೆದು ಓದ್ತಾರೆ. ಒಪ್ಪಿಗೆಯಾಗದಿದ್ದರೆ ವಿಷಯ ಕಾಯುತ್ತೆ.

ದೇವರ ವಿಷಯದಲ್ಲಿ ಇವರಿಬ್ಬರದೂ ಉತ್ತರ ಧ್ರುವ, ದಕ್ಷಿಣ ಧ್ರುವ. ಆದರೆ ಎರಡೂ ಕಡೆ ಎಳೆಯರಿಗೆ ಪ್ರತ್ಯೇಕ "ಯುವ ಘಟಕ" ಅನ್ನೋ ಆಟಿಕೆ ಕೊಟ್ಟು ಬದಿಗೆ ಕೂರಿಸಿ ಕಟ್ಟಿದ್ದಲ್ಲ. ಪಣಕ್ಕಿಟ್ಟಿದ್ದೇ ಅವರ ಬದುಕು.

ನಮ್ಮವರೇ ಆದ ಎಚ್. ನರಸಿಂಹಯ್ಯನವರನ್ನು ನೆನಪಿಸಿಕೊಳ್ಳಿ. 1942ರಲ್ಲಿ, ಇಪ್ಪತ್ತೆರಡರ ವಿದ್ಯಾರ್ಥಿ, ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲಿಗೆ ಹೋದರು. ಆ ವಯಸ್ಸಿನಲ್ಲಿ ಅವರಿಗೆ ಯಾರೂ ಕುರ್ಚಿ ಹಾಕು ಅನ್ನಲಿಲ್ಲ.

"ಸರಿ ಸ್ವಾಮಿ, ಐಟಿ ಹುಡುಗರು ಎರಡು ವರ್ಷಕ್ಕೆ ಕಂಪನಿ ಬದಲಾಯಿಸ್ತಾರೆ, ಊರೂ ಬಿಡ್ತಾರೆ, ಅವರ ಕೈಗೆ ಜವಾಬ್ದಾರಿ ಹೇಗೆ ಕೊಡೋದು?" ನ್ಯಾಯವಾದ ಪ್ರಶ್ನೆ. ಆದರೆ ಅದೇ ಹುಡುಗಿಗೆ ಕಂಪನಿಯವರು ಆರು ತಿಂಗಳಲ್ಲಿ ಪ್ರೊಡಕ್ಷನ್ ರಿಲೀಸ್ ಒಪ್ಪಿಸ್ತಾರೆ. ನಾವು ಕೂಟದ ಪಾಸ್‌ಬುಕ್ ಕೂಡ ತೋರಿಸಲ್ಲ. ಎರಡು ವರ್ಷ ಇರ್ತಾಳೆ ಅಂದರೆ ಎರಡು ವರ್ಷದ ಕೆಲಸ ಕೊಡಿ, ಹೋಗುವ ಮೊದಲು ಇನ್ನೊಬ್ಬರಿಗೆ ಕಲಿಸಿಕೊಡಲಿ.

ನನ್ನ ಸಲಹೆ ಮೂರೇ. ಈ ನವೆಂಬರ್‌ನ ಲೆಕ್ಕಪತ್ರ ಮೂವತ್ತರೊಳಗಿನ ಒಬ್ಬರ ಕೈಯಲ್ಲಿರಲಿ. ಕಾರ್ಯಕ್ರಮ ಏನು ಅಂತ ಅವರೇ ತೀರ್ಮಾನಿಸಲಿ, ಭಾವಗೀತೆ ಬದಲು ರ್‍ಯಾಪ್ ಬಂದರೂ ಬರಲಿ. ಸಭೆಯಲ್ಲಿ ಮೊದಲ ಹತ್ತು ನಿಮಿಷ ಹಿರಿಯರು ಬಾಯಿ ತೆರೆಯೋದು ಬೇಡ.

ನಮಗೆ ಕಷ್ಟ ಅನ್ನಿಸೋದು ಮೂರನೆಯದೇ. ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಕೂಟದಲ್ಲಿ ಏನಾಯ್ತು ಅಂತ ಕೆಳಗೆ ಬರೆದು ತಿಳಿಸಿ.